ತುಟಿ ಮರಗಟ್ಟಿದ್ದು ಯಾವಾಗ

ಜನವರಿ 9

ಅಕ್ಕನಿಗೆ,

ಪಾರ್ಸೆಲ್ ಬಿಚ್ಚುತ್ತಿದ್ದ ಹಾಗೆಯೇ ಬೈಯಲು ಶುರು ಮಾಡಬೇಡ. ಬಾಟಲಿ ಚಿಕ್ಕದು ಅಂತ ನನಗೂ ಗೊತ್ತು. ದೊಡ್ಡವು ಮುಗಿದುಹೋಗಿದ್ದವು.

ಒಳಗಿರುವ ತುಂಡು ನಮ್ಮ ಸಿಸ್ಟರದು. ನೆನಪಿದೆಯಲ್ಲ, ಹಲ್ಲಿನ ಕ್ಲಿನಿಕ್ ತೆರೆದ ದಿನದಿಂದಲೂ ನನ್ನ ಪಕ್ಕದಲ್ಲಿ ನಿಂತು ಇಕ್ಕಳ ಕೊಡುತ್ತಿರುವವರು. ನರ್ಸಿಂಗ್ ಓದಿದವರಲ್ಲ, ಆದರೂ ಊರಿಗೆಲ್ಲ ಸಿಸ್ಟರೇ. ನೀನು ಬಂದಾಗ ಕೈ ತೊಳೆದು ಒಳಗೆ ಬನ್ನಿ ಅಂತ ಡಾಕ್ಟರಾದ ನಿನಗೇ ಹೇಳಿದ್ದರು. ನಾನು ಅವತ್ತು ಎರಡು ಹೊತ್ತು ನಕ್ಕಿದ್ದೆ.

ಅವರ ಕೆಳದವಡೆಯ ಬಲಗಡೆ, ಒಸಡು ಕೆನ್ನೆಗೆ ಸೇರುವ ಕಡೆ, ಕಡಲೆಕಾಳಿಗಿಂತ ಕೊಂಚ ದೊಡ್ಡ ಗಂಟು. ನೋವಿಲ್ಲ. ಬಣ್ಣ ಬದಲಾಗಿಲ್ಲ. ಹಲ್ಲು ಗಟ್ಟಿಯಾಗಿವೆ. ಊಟ ಮಾಡುವಾಗ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅವರು ಹೇಳಿದ್ದರಿಂದ ಕೊಯ್ದು ತೆಗೆದೆ. ಬಟಾಣಿ ಬಿಡಿಸಿದ ಹಾಗೆ ಸಲೀಸಾಗಿ ಬಂತು. ಮೂರು ಹೊಲಿಗೆ ಹಾಕಿದೆ. ಮಾರನೆಯ ದಿನವೇ ಮಾಸ್ಕ್ ಕಟ್ಟಿಕೊಂಡು ಕೆಲಸಕ್ಕೆ ಬಂದರು. ರಜ ತಗೊಳ್ಳಿ ಅಂದದ್ದಕ್ಕೆ, ನಾನಿಲ್ಲದಿದ್ದರೆ ನಿಮಗೆ ಹತ್ತಿ ಎಲ್ಲಿದೆ ಅಂತಲೂ ಗೊತ್ತಾಗಲ್ಲ ಅಂದರು. ಅದೂ ನಿಜವೇ.

ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ಒಂದು ಸಾಲು ಬರೆದು ಕಳಿಸಿದರೆ ಸಾಕು. ಫೋನಿನಲ್ಲಿ ಕೇಳುತ್ತಿದ್ದೆ, ಆದರೆ ಫೋನಿನಲ್ಲಿ ರಿಪೋರ್ಟು ಹೇಳುವುದಿಲ್ಲ ಅನ್ನುವ ನಿನ್ನ ವ್ರತ ಇನ್ನೂ ಮುಗಿದಿಲ್ಲವಲ್ಲ.

ತಮ್ಮ

ಜನವರಿ 21

ಪುಟ್ಟಾ,

ಬಾಟಲಿ ಚಿಕ್ಕದಾಗಿದ್ದಕ್ಕೆ ತುಂಡು ಒಂದು ಕಡೆ ಸೊಟ್ಟಗೆ ಅಂಟಿಕೊಂಡು ಗಟ್ಟಿಯಾಗಿತ್ತು. ನಮ್ಮ ಟೆಕ್ನಿಷಿಯನ್ ನಿನ್ನ ಹೆಸರು ಹಿಡಿದು ಏನೋ ಗೊಣಗಿದ. ನಾನು ಕೇಳಿಸಿಕೊಳ್ಳದವಳಂತೆ ಇದ್ದೆ.

ಇಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ. ಅವರ ಪಾಲಿನ ಸ್ಲೈಡುಗಳೂ ನನ್ನ ಮೇಜಿನ ಮೇಲೆಯೇ. ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಸಂಜೆ ಕತ್ತು ಎತ್ತಲಾಗುವುದಿಲ್ಲ. ತಡವಾದದ್ದಕ್ಕೆ ಇದೇ ಕಾರಣ.

ನಿನ್ನ ಸಿಸ್ಟರದು ನರದ ಹೊದಿಕೆಯಿಂದ ಬೆಳೆದ ಗಂಟು. ನರದ ಮೇಲೆ ಒಂದು ಹೊದಿಕೆ ಇರುತ್ತದಲ್ಲ, ಅದರ ಜೀವಕೋಶಗಳೇ ಹೆಚ್ಚಾಗಿ ಬೆಳೆದು ಗಂಟಾಗಿವೆ. ಬಾಯಲ್ಲಿ ಇಂಥವು ಬಂದರೆ ಬಹುಪಾಲು ಸಾಧುಪ್ರಾಣಿಗಳು. ಆದರೆ ಒಂದು ಮೂಲೆಯಲ್ಲಿ ಜೀವಕೋಶಗಳು ತೀರಾ ಒತ್ತೊತ್ತಾಗಿ ನಿಂತಿವೆ. ಅದು ನನಗೆ ಹಿಡಿಸಲಿಲ್ಲ.

ಸಾಲು ಬರೆಯುವ ಮೊದಲು ಎರಡು ವಿಷಯ ತಿಳಿಯಬೇಕು. ಒಂದು, ಗಂಟು ನರಕ್ಕೆ ಅಂಟಿಕೊಂಡಿತ್ತೇ? ತುಟಿಗೆ ಹೋಗುವ ನರ ದವಡೆಯ ಮೂಳೆಯಿಂದ ಹೊರಬರುವ ಜಾಗವೇ ಅದು. ಬಿಳಿಯ ದಾರದಂಥದ್ದೇನಾದರೂ ಅದರೊಳಗೆ ಹೋಗುತ್ತಿದ್ದದ್ದು ಕಂಡಿತೇ? ಎರಡು, ಅವರ ಕೆಳತುಟಿ ಮರಗಟ್ಟಿದೆಯೇ? ಮರಗಟ್ಟಿದ್ದರೆ ಯಾವಾಗಿನಿಂದ? ಸಾಧು ಗಂಟು ನರವನ್ನು ಪಕ್ಕಕ್ಕೆ ತಳ್ಳುತ್ತದೆ, ಸಾಯಿಸುವುದಿಲ್ಲ. ನೀನು ಕೊಯ್ಯುವ ಮೊದಲೇ ಮರಗಟ್ಟಿದ್ದರೆ ಗಂಟು ನರವನ್ನು ತಿನ್ನುತ್ತಿದೆ ಅಂತ. ಕೊಯ್ದ ಮೇಲೆ ಮರಗಟ್ಟಿದ್ದರೆ ನೀನು ತಿಂದಿದ್ದೀಯ ಅಂತ.

ಸರಿಯಾಗಿ ಕೇಳಿ ಬರೆ. ಸ್ಲೈಡಿಗೆ ಬಾಯಿಲ್ಲ, ಅದು ಹೇಳುವಷ್ಟನ್ನೇ ಹೇಳುತ್ತದೆ.

ಅಕ್ಕ

ಫೆಬ್ರವರಿ 2

ಅಕ್ಕನಿಗೆ,

ನಿನ್ನ ಕಾಗದ ಓದಿ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಕೂತಿದ್ದೆ. ಕೊಯ್ಯುವಾಗ ರಕ್ತ ಬರುತ್ತದೆ. ಆ ಸಂದಿಯಲ್ಲಿ ಬಿಳಿ ದಾರ ಹುಡುಕುತ್ತ ಕೂರಲು ನನಗೇನು ನಿನ್ನ ಹಾಗೆ ಮೈಕ್ರೋಸ್ಕೋಪಿದೆಯೇ? ಏನೂ ಕಾಣಲಿಲ್ಲ. ಇಲ್ಲ ಅಂತಲೇ ಇಟ್ಟುಕೋ.

ತುಟಿಯ ವಿಷಯ ಕೇಳಿದೆ. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು, ಒಬ್ಬರು ಬಾಯಿ ತೆರೆದು ಕುರ್ಚಿಯಲ್ಲಿದ್ದರು, ಸಿಸ್ಟರ್ ಎಂಜಲು ಎಳೆಯುವ ಪೈಪು ಹಿಡಿದು ನಿಂತಿದ್ದರು. ಕೆಲಸ ಮಾಡುತ್ತಲೇ ಕೇಳಿದೆ. ಸ್ವಲ್ಪ ಮರಗಟ್ಟಿದೆ, ನೀವು ಕೊಯ್ದ ಮೇಲೆಯೇ ಸಾರ್, ಮೊದಲೇನೂ ಇರಲಿಲ್ಲ ಅಂದರು. ಅಲ್ಲಿಗೆ ನರವನ್ನು ತಿಂದವನು ನಾನೇ. ಸಮಾಧಾನವಾಯಿತೇ?

ಇಷ್ಟು ವರ್ಷ ಕೆಟ್ಟದ್ದನ್ನೇ ನೋಡಿ ನೋಡಿ ನಿನ್ನ ಕಣ್ಣಿಗೆ ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತದೆ. ಬೇಸರದಿಂದ ಹೇಳುತ್ತಿಲ್ಲ. ಬೇಸರದಿಂದಲೇ ಹೇಳುತ್ತಿದ್ದೇನೆ.

ತಮ್ಮ

ಫೆಬ್ರವರಿ 11

ಪುಟ್ಟಾ,

ರಿಪೋರ್ಟು ಇದರ ಜೊತೆಗಿದೆ. ನರದ ಗಂಟು, ಸಾಮಾನ್ಯಕ್ಕಿಂತ ಜೀವಕೋಶಗಳು ಹೆಚ್ಚು, ಕ್ಯಾನ್ಸರ್ ಅನ್ನಲು ಸಾಕಷ್ಟು ಆಧಾರವಿಲ್ಲ. ತಿಂಗಳಿಗೊಮ್ಮೆ ಕುರ್ಚಿಯಲ್ಲಿ ಕೂರಿಸಿ ಬೆಳಕು ಹಾಕಿ ನೋಡು. ಮತ್ತೆ ಬಂದರೆ ತಕ್ಷಣ ಬರೆ.

ಬರದಿದ್ದರೆ ಬರೆಯಬೇಡ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಕಾಗದ ಬರಲಿಲ್ಲ ಅಂದರೆ ಎಲ್ಲರೂ ಚೆನ್ನಾಗಿದ್ದಾರೆ ಅಂತಲೇ ತಾನೆ ಲೆಕ್ಕ.

ನನಗೆ ಸುಸ್ತಾಗಿದೆ. ನಿನ್ನ ಜೊತೆ ಜಗಳ ಆಡಲೂ ಆಗದಷ್ಟು.

ಅಕ್ಕ

ಮೇ 27

ಅಕ್ಕನಿಗೆ,

ಅದು ಮತ್ತೆ ಬಂದಿದೆ. ಈ ಸಲ ನೆಲ್ಲಿಕಾಯಿಯಷ್ಟು ದೊಡ್ಡದು, ಒಸಡಿಗೆ ಅಂಟಿಕೊಂಡು ಕೂತಿದೆ, ಅಲ್ಲಾಡುವುದಿಲ್ಲ.

ತಿಂಗಳಿಗೊಮ್ಮೆ ನೋಡು ಅಂತ ನೀನು ಅಂದಿದ್ದೆ. ಒಂದು ಸಲ ನೋಡಿದೆ. ಆಮೇಲೆ ಹೇಗಿದೆ ಸಿಸ್ಟರ್ ಅಂತ ಕೇಳುತ್ತಿದ್ದೆ, ಚೆನ್ನಾಗಿದೆ ಸಾರ್ ಅನ್ನುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಮೊಳದಳತೆಯಲ್ಲಿ ನಿಂತಿರುವವರನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆಗೆಯಿರಿ ಅನ್ನಲು ನನಗೇಕೋ ಸಂಕೋಚ. ಅವರ ಮುಖದ ಮೇಲೆ ಯಾವಾಗಲೂ ಮಾಸ್ಕ್.

ಮೊನ್ನೆ ಚಹಾ ಕುಡಿಯಲು ಮಾಸ್ಕ್ ಇಳಿಸಿದರು. ಕೆಳತುಟಿಯ ಬಲಗಡೆ ದೊಡ್ಡ ಬೊಬ್ಬೆ. ಇದೇನಾಯಿತು ಅಂದೆ. ಅವರು ಕೈಯಿಂದ ಮುಟ್ಟಿ ನೋಡಿಕೊಂಡು, ಅಲ್ಲಿ ಬೊಬ್ಬೆ ಇದೆಯಾ ಅಂತ ನನ್ನನ್ನೇ ಕೇಳಿದರು. ಬಿಸಿ ಚಹಾ ತಗುಲಿ ಸುಟ್ಟದ್ದು ಅವರಿಗೆ ತಿಳಿದೇ ಇಲ್ಲ. ಬಾಗಿಲು ಹಾಕಿಸಿ, ಕಾಯುತ್ತಿದ್ದವರನ್ನು ನಾಳೆ ಬನ್ನಿ ಅಂತ ಕಳಿಸಿ, ಕೂರಿಸಿಕೊಂಡು ಕೇಳಿದೆ. ಮೊದಲು ಹಾರಿಕೆಯ ಮಾತು. ಆಮೇಲೆ ಅಳು. ಆಮೇಲೆ ನಿಜ.

ಹೋದ ವರ್ಷ ಅವರ ಅದೇ ಬಲಗಡೆಯ ಕೆಳಗಿನ ಕೊನೆಯ ದವಡೆ ಹಲ್ಲನ್ನು ನಾನು ಕಿತ್ತಿದ್ದೆ. ಅದಾಗಿ ಕೆಲವು ತಿಂಗಳಿಗೆ ತುಟಿಯಲ್ಲಿ ಜೋಮು ಹಿಡಿದ ಹಾಗೆ ಶುರುವಾಯಿತಂತೆ. ಗಂಟು ಕಾಣಿಸುವುದಕ್ಕೂ ಮೊದಲೇ. ಬರಬರುತ್ತ ಪೂರ್ತಿ ಮರಗಟ್ಟಿತಂತೆ. ನೀರು ಕುಡಿದರೆ ಗಲ್ಲದ ಮೇಲೆ ಸೋರುತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂದೆ.

“ಹಲ್ಲು ಕಿತ್ತಿದ್ದು ನೀವು ಸಾರ್. ನನಗೋಸ್ಕರ ರಜದ ದಿನ ಕ್ಲಿನಿಕ್ ತೆಗೆದಿದ್ರಿ. ತುಟಿ ಹೀಗಾಗಿದೆ ಅಂದ್ರೆ ನಿಮ್ಮ ಕೈಯಿಂದ ಆಯ್ತು ಅಂದ ಹಾಗಾಗಲ್ವಾ? ಅದೂ ಪೇಷಂಟ್ ಮುಂದೆ ಕೇಳಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ.”

ಕೇಳಿದೆಯಾ ಅಕ್ಕ? ನನ್ನ ಹೆಸರು ಕೆಡಬಾರದು ಅಂತ. ನನ್ನ ಕೈಯಿಂದ ನರಕ್ಕೆ ಪೆಟ್ಟಾಗಿದ್ದರೆ ಅವತ್ತೇ ಮರಗಟ್ಟಬೇಕಿತ್ತು, ತಿಂಗಳುಗಳಾದ ಮೇಲಲ್ಲ. ಅದು ನಿನಗೆ ಗೊತ್ತು, ನನಗೆ ಗೊತ್ತು. ಅವರಿಗೆ ಯಾರು ಹೇಳಿಕೊಟ್ಟಿದ್ದರು?

ಇನ್ನೊಂದನ್ನೂ ಬರೆದುಬಿಡುತ್ತೇನೆ, ಹೊಟ್ಟೆಗೆ ಹಾಕಿಕೋ. ಅವರು ಅಳುತ್ತ ಇದೆಲ್ಲ ಹೇಳುತ್ತಿದ್ದಾಗ ನನಗೆ ಮೊದಲು ಆದದ್ದು ಸಮಾಧಾನ. ಸದ್ಯ, ನಾನು ಮಾಡಿದ್ದಲ್ಲ ಅಂತ. ಅದರ ಅರ್ಥವೇನು ಅನ್ನುವುದು ತಲೆಗೆ ಹೊಳೆದದ್ದು ಆಮೇಲೆ.

ಸರಿಯಾದ ಅಳತೆಯ ಬಾಟಲಿಯಲ್ಲಿ ಹೊಸ ತುಂಡು ಕಳಿಸಿದ್ದೇನೆ. ಈ ಸಲ ಬಿಳಿ ದಾರ ಕಂಡಿತು. ದಾರವಲ್ಲ, ಹಗ್ಗ. ನರ ಊದಿಕೊಂಡು ಗಂಟಿನೊಳಗೆ ಹೋಗಿ ಸೇರಿಕೊಂಡಿದೆ. ಬೇಗ ನೋಡು.

ತಮ್ಮ

ಜೂನ್ 5

ಪುಟ್ಟಾ,

ಕೂತು ಓದು.

ಇದು ಕ್ಯಾನ್ಸರ್. ನರದ ಹೊದಿಕೆಯಲ್ಲೇ ಹುಟ್ಟಿದ್ದು. ಬಾಯಲ್ಲಿ ಇದು ಎಷ್ಟು ಅಪರೂಪ ಅಂದರೆ ನನ್ನ ಇಡೀ ಸರ್ವೀಸಿನಲ್ಲಿ ಇದಕ್ಕೆ ಮೊದಲು ಒಂದೇ ಒಂದು ನೋಡಿದ್ದೇನೆ, ಅದೂ ಬೇರೆಯವರ ಸ್ಲೈಡು.

ಹೇಗೆ ಗೊತ್ತಾಯಿತು ಅಂತ ಆಪರೇಷನ್ ಮಾಡುವ ಸರ್ಜನ್ ಕೇಳುತ್ತಾರೆ, ನೀನು ತಡವರಿಸಬಾರದು. ಇದಕ್ಕೆ ಇಂಥದ್ದೇ ಅಂತ ಗುರುತು ಹಿಡಿಯಲು ಸ್ಲೈಡಿಗೆ ಹಾಕುವ ಒಂದು ಬಣ್ಣವಿಲ್ಲ. ನರದ ಜೀವಕೋಶಕ್ಕೆ ಹತ್ತುವ ಬಣ್ಣ ಇಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಹತ್ತಿದೆ. ಸಾಧು ಗಂಟಾಗಿದ್ದರೆ ಎಲ್ಲ ಕಡೆ ಹತ್ತಬೇಕಿತ್ತು. ಸ್ನಾಯುವಿನ ಕ್ಯಾನ್ಸರ್ ಅಲ್ಲ, ಬಾಯಿಯ ಚರ್ಮದ್ದಲ್ಲ, ಮಚ್ಚೆಯಿಂದ ಬರುವುದೂ ಅಲ್ಲ. ಒಂದೊಂದನ್ನೂ ಬೇರೆ ಬೇರೆ ಬಣ್ಣ ಹಾಕಿ ಹೊರಗಿಟ್ಟೆ. ಉಳಿದದ್ದು ಇದು. ಅಷ್ಟಾದರೂ ಖಚಿತವಾಗಿ ಹೇಳಲು ಧೈರ್ಯ ಬಂದದ್ದು ನೀನು ನೋಡಿದ ಹಗ್ಗದಿಂದ, ಅವರ ಮರಗಟ್ಟಿದ ತುಟಿಯಿಂದ. ಗಂಟು ನರದಿಂದಲೇ ಹೊರಟಿದೆ ಅನ್ನುವುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ನೀನು ಬೈದುಕೊಂಡು ಕೂರುವ ಮೊದಲು ನನ್ನದೂ ಕೇಳು. ಫೆಬ್ರವರಿಯಲ್ಲಿ ಆ ಸ್ಲೈಡನ್ನು ಇಲ್ಲಿ ಹೊಸದಾಗಿ ಸೇರಿರುವ ಚಿಕ್ಕ ಡಾಕ್ಟರಿಗೂ ತೋರಿಸಿದ್ದೆ. ಆಕೆ ಆ ಮೂಲೆಯನ್ನು ಬಹಳ ಹೊತ್ತು ನೋಡಿ, ಮೇಡಂ, ನನಗ್ಯಾಕೋ ಇದು ಕ್ಯಾನ್ಸರ್ ಅನಿಸುತ್ತೆ ಅಂದಳು. ತುಟಿ ಮರಗಟ್ಟಿದ್ದು ಕೊಯ್ದ ಮೇಲೆ, ನನ್ನ ತಮ್ಮನೇ ಕೇಳಿ ಬರೆದಿದ್ದಾನೆ ಅಂತ ನಾನು ಅವಳ ಬಾಯಿ ಮುಚ್ಚಿಸಿದೆ. ಬೇರೆ ಯಾವ ಡಾಕ್ಟರು ಬರೆದಿದ್ದರೂ ಇನ್ನೊಂದು ತುಂಡು ಕಳಿಸಿ ಅನ್ನುತ್ತಿದ್ದೆ. ನಿನಗೆ ಅನ್ನಲಿಲ್ಲ. ಮೇಜಿನ ಮೇಲೆ ರಾಶಿ ಬಿದ್ದಿತ್ತು, ಮುಗಿಸಿದರೆ ಸಾಕಾಗಿತ್ತು.

ದವಡೆಯ ಬಲಭಾಗ ನರದ ಸಮೇತ ತೆಗೆಯಬೇಕಾಗುತ್ತದೆ. ನಾಳೆಗೆ ಹಾಕಬೇಡ. ಅವರಿಗೆ ನೀನೇ ಹೇಳು, ಎದುರಿಗೆ ಕೂತು, ಮಾಸ್ಕ್ ತೆಗೆದು.

ಅಕ್ಕ

ಜುಲೈ 3

ಅಕ್ಕನಿಗೆ,

ಆಪರೇಷನ್ ಆಯಿತು. ದವಡೆಯ ಬಲಭಾಗ ಹೋಯಿತು. ಕಾಲಿನ ಮೂಳೆಯ ತುಂಡು ತೆಗೆದು ಅಲ್ಲಿ ಕೂರಿಸಿದ್ದಾರೆ. ತೆಗೆದದ್ದನ್ನು ಸರ್ಜನ್ ನಿನಗೇ ಕಳಿಸಿದ್ದಾರೆ, ಮೊದಲು ಹಿಡಿದವರೇ ಪೂರ್ತಿ ನೋಡಲಿ ಅಂದರು. ನರದ ಮೇಲಿನ ತುದಿಗೆ ಕಪ್ಪು ದಾರ ಕಟ್ಟಿದ್ದಾರೆ. ಅಲ್ಲಿ ಏನೂ ಉಳಿದಿಲ್ಲ ಅಂದರೆ ಬಚಾವ್ ಅಂತೆ.

ನೋಡಲು ಹೋಗಿದ್ದೆ. ಮೂಗಿನಲ್ಲಿ ಪೈಪು. ಮಾತಿಲ್ಲ. ಅವರ ಯಜಮಾನರು ಲಾರಿ ಕೆಲಸಕ್ಕೆ ರಜ ಹಾಕಿ ಹಾಸಿಗೆಯ ಪಕ್ಕ ಕೂತಿದ್ದಾರೆ, ಮಗಳು ಕಾಲೇಜಿನಿಂದ ನೇರ ಬರುತ್ತಾಳೆ. ನನ್ನನ್ನು ಕಂಡು ಸಿಸ್ಟರ್ ಕೈಸನ್ನೆ ಮಾಡಿದರು. ಮಗಳು ಬಿಡಿಸಿ ಹೇಳಿದಳು, ಹತ್ತಿ ಎಡಗಡೆಯ ಕೆಳಗಿನ ಗೂಡಿನಲ್ಲಿದೆ ಅಂತೆ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಕ್ಲಿನಿಕ್ ನಡೆಯುತ್ತಿದೆ ಅನ್ನಬೇಕಷ್ಟೆ. ನಾನೇ ಪೈಪು ಹಿಡಿಯುತ್ತೇನೆ, ನಾನೇ ಕೊರೆಯುತ್ತೇನೆ.

ತಮ್ಮ

ಜುಲೈ 19

ಅಕ್ಕನಿಗೆ,

ನಿನ್ನ ಕಾಗದವಿಲ್ಲ. ಮೊದಮೊದಲು ದಿನಾ ಪೋಸ್ಟಿನವನ ದಾರಿ ಕಾಯುತ್ತಿದ್ದೆ. ಆಮೇಲೆ ಫೆಬ್ರವರಿಯ ನಿನ್ನ ಮಾತು ನೆನಪಾಯಿತು. ಕೆಟ್ಟದ್ದೇನಾದರೂ ಇದ್ದಿದ್ದರೆ ನೀನು ಇಷ್ಟು ದಿನ ಸುಮ್ಮನಿರುತ್ತಿದ್ದೆಯಾ?

ನಿನ್ನೆ ಸಿಸ್ಟರ್ ಆಸ್ಪತ್ರೆಯಿಂದ ಮನೆಗೆ ಬಂದರು, ನೋಡಲು ಹೋಗಿದ್ದೆ. ಗಂಜಿಯಂಥದ್ದನ್ನು ಚಮಚದಲ್ಲಿ ಕುಡಿಯುತ್ತಿದ್ದಾರೆ. ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ರಿಪೋರ್ಟು ಬಂತಾ ಅಂತ ಕೇಳಿದರು. ಆ ಕಣ್ಣು ನೋಡಿ ತಡೆಯಲಾಗಲಿಲ್ಲ. ಎಲ್ಲ ಕ್ಲೀನ್ ಸಿಸ್ಟರ್, ಅಕ್ಕ ನೋಡಿದ್ದಾಳೆ ಅಂದುಬಿಟ್ಟೆ. ಅವರ ಮಗಳು ನನ್ನ ಕೈ ಹಿಡಿದುಕೊಂಡಳು. ಬಹಳ ತಿಂಗಳ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದೆ.

ನೀನೂ ರಿಪೋರ್ಟು ನಿಧಾನವಾಗಿ ಕಳಿಸು, ಆತುರವಿಲ್ಲ.

ತಮ್ಮ

ಜುಲೈ 26

ಪುಟ್ಟಾ,

ಏನು ಮಾಡಿದೆಯೋ ನೀನು.

ಕ್ಲೀನ್ ಅಲ್ಲ. ಕಪ್ಪು ದಾರ ಕಟ್ಟಿದ ತುದಿಯಲ್ಲಿ, ನರದ ಒಳಗೇ, ಕ್ಯಾನ್ಸರಿನ ಜೀವಕೋಶಗಳಿವೆ. ಅದು ನರವನ್ನೇ ದಾರಿ ಮಾಡಿಕೊಂಡು ಮೇಲಕ್ಕೆ ಹೋಗಿದೆ. ತೆಗೆದದ್ದು ಸಾಲದು. ಕಿವಿಯ ಮುಂದಿನಿಂದ ಬಿಡಿಸಿ, ನರ ತಲೆಬುರುಡೆಯಿಂದ ಹೊರಬರುವ ತನಕ ಹೋಗಿ ತೆಗೆಯಬೇಕು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು. ಸರ್ಜನ್‌ಗೆ ಇವತ್ತೇ ರಿಪೋರ್ಟು ಕಳಿಸಿದ್ದೇನೆ.

ನಾನು ಸುಮ್ಮನಿದ್ದದ್ದು ಎಲ್ಲ ಸರಿಯಾಗಿದೆ ಅಂತಲ್ಲ. ಆ ತುದಿ ಕಂಡ ದಿನ ನಂಬಲಾಗಲಿಲ್ಲ. ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚಿನಿಂದ ಮತ್ತೆ ತೆಳುವಾಗಿ ಕೊಯ್ಯಿಸಿದೆ, ಮತ್ತೆ ಬಣ್ಣ ಹಾಕಿಸಿದೆ. ಅದೇ ಕಂಡಿತು. ಇನ್ನೊಮ್ಮೆ ಮಾಡಿಸಿದೆ. ಒಂದು ಸಲ ತಪ್ಪಿದವಳು ಇನ್ನೊಂದು ಸಲ ತಪ್ಪಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಿನಗೆ ಬರೆಯುವುದು ಬೇಡವಾಗಿತ್ತು. ನಿನಗೆ ನೋವಾಗುತ್ತದೆ ಅಂತ ಸಿಸ್ಟರ್ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಅವರಿಗೆ ನೋವಾಗಬಾರದು ಅಂತ ನೀನು ಸುಳ್ಳು ಹೇಳಿದೆ. ಎಲ್ಲರೂ ಒಳ್ಳೆಯವರೇ. ಅಷ್ಟರಲ್ಲಿ ಅದು ಆ ಹೆಣ್ಣುಮಗಳ ನರ ಹಿಡಿದು ಮೇಲೆ ಹತ್ತುತ್ತಿದೆ.

ಇವತ್ತೇ ಹೋಗಿ ಹೇಳು. ಕಾಲಿಗೆ ಬಿದ್ದಾದರೂ ಹೇಳು.

ಅಕ್ಕ

ಆಗಸ್ಟ್ 8

ಅಕ್ಕನಿಗೆ,

ಹೇಳಿದೆ.

ಅವರ ಮನೆಯ ಮುಂದಿನ ಕೋಣೆಯಲ್ಲಿ, ಅವರು ಗೋಡೆಗೊರಗಿ ಕೂತಿದ್ದರು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಾನು ಒಂದೇ ಉಸಿರಿಗೆ ಹೇಳಿದೆ. ರಿಪೋರ್ಟು ಬರುವ ಮೊದಲೇ ಕ್ಲೀನ್ ಅಂದಿದ್ದೆ, ನಿಜವಾಗಿ ಕ್ಲೀನ್ ಅಲ್ಲ, ಇನ್ನೊಂದು ಆಪರೇಷನ್ ಬೇಕು ಅಂತ. ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ಎಂಜಲು ಒರೆಸಿಕೊಳ್ಳುವ ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು. ಪರವಾಗಿಲ್ಲ ಸಾರ್ ಅನ್ನಬಹುದು ಅಂತ ಕಾಯುತ್ತಿದ್ದೆ. ಕ್ಲಿನಿಕ್ಕಿನಲ್ಲಿ ನಾನು ಏನೇ ಎಡವಟ್ಟು ಮಾಡಿದರೂ ಅವರು ಅನ್ನುತ್ತಿದ್ದದ್ದು ಅದೇ.

“ನನಗೆ ನಿಮ್ಮ ಮೇಲೆ ಕೋಪ ಇದೆ ಸಾರ್,” ಅಂದರು. “ಕುರ್ಚಿಗೆ ಬಂದೋರಿಗೆಲ್ಲ ಇಂಜೆಕ್ಷನ್ ಕೊಟ್ಟು ಮರಗಟ್ಟಿದೆಯಾ, ಮರಗಟ್ಟಿದೆಯಾ ಅಂತ ನಾಲ್ಕು ಸಲ ಕೇಳ್ತೀರ. ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತಿದ್ದೆ. ನನ್ನ ಮುಖ ನೋಡಿ ಕೇಳ್ಲಿಲ್ಲ. ಸುಮ್ಮನಿದ್ದದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಕ್ಲೀನ್ ಅಂದಿದ್ದು? ಮಗಳೂ ಅಲ್ಲೇ ಕೇಳಿಸಿಕೊಂಡ್ಳು. ಅವಳು ಅವತ್ತಿಂದ ನಗ್ತಾ ಓಡಾಡ್ತಿದ್ದಾಳೆ. ಈಗ ಅವಳಿಗೆ ಏನಂತ ಹೇಳ್ಲಿ?”

ತಪ್ಪಾಯಿತು ಅಂದೆ. ತಲೆ ಆಡಿಸಿದರು, ಒಪ್ಪಿದೆ ಅಂತಲೋ ಸಾಕು ಅಂತಲೋ ತಿಳಿಯಲಿಲ್ಲ. ಮತ್ತೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದರು. ಮಗಳಿಗೆ ತಾವೇ ಹೇಳುತ್ತಾರಂತೆ, ನಾನು ಇರಕೂಡದಂತೆ. ಏಳುವ ಹೊತ್ತಿಗೆ ಇನ್ನೊಂದು ಮಾತು ಹೇಳಿದರು. ಇನ್ನು ಮೇಲೆ ನಿಮ್ಮ ಅಕ್ಕ ಏನಿದ್ದರೂ ನನಗೇ ಬರೆಯಲಿ, ನಿಮ್ಮ ಬಾಯಿಂದ ಬೇಡ ಅಂತ.

ವಿಳಾಸ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಕ್ಕ, ನನ್ನ ಮೇಲೆ ಯಾರೂ ಇಷ್ಟು ನೇರವಾಗಿ ಕೋಪ ಮಾಡಿಕೊಂಡಿರಲಿಲ್ಲ. ತುಂಬ ನೋವಾಗಿದೆ. ಅವರು ಈ ಕೋಪವನ್ನು ಹೋದ ವರ್ಷವೇ ಮಾಡಿಕೊಂಡಿದ್ದರೆ ದವಡೆ ಉಳಿಯುತ್ತಿತ್ತೋ ಏನೋ ಅಂತ ಯೋಚಿಸುತ್ತ ದಾರಿಯುದ್ದಕ್ಕೂ ನಡೆದೇ ಬಂದೆ.

ತಮ್ಮ

ಸೆಪ್ಟೆಂಬರ್ 30

ಸಿಸ್ಟರ್ ಅವರಿಗೆ,

ನಮಸ್ಕಾರ. ನಾನು ಡಾಕ್ಟರ ಅಕ್ಕ. ಇಷ್ಟು ವರ್ಷ ಈ ಕೆಲಸದಲ್ಲಿದ್ದು ಒಬ್ಬ ರೋಗಿಗೆ ನಾನೇ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಮ್ಮದು ಡಾಕ್ಟರಿಂದ ಡಾಕ್ಟರಿಗೆ ಹೋಗುವ ಮಾತು. ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ನೀವು ಕಾಯುತ್ತಿರುವುದನ್ನೇ ಮೊದಲು ಹೇಳುತ್ತೇನೆ.

ಎರಡನೆಯ ಆಪರೇಷನ್ನಿನಲ್ಲಿ ತೆಗೆದ ನರದ ತುದಿಯಲ್ಲಿ ಕ್ಯಾನ್ಸರ್ ಇಲ್ಲ. ನಾನು ನೋಡಿದೆ, ನಮ್ಮ ಚಿಕ್ಕ ಡಾಕ್ಟರೂ ನೋಡಿದರು. ಈ ಸಲ ಆಕೆಯ ಅಭಿಪ್ರಾಯ ಬರೆಸಿಕೊಂಡ ಮೇಲೆಯೇ ನಾನು ಬರೆದೆ.

ಇದರ ಅರ್ಥ ವಾಸಿಯಾಯಿತು ಅಂತಲ್ಲ. ಈ ಜಾತಿಯದು ಮತ್ತೆ ಬರಬಹುದು, ಅದೇ ಜಾಗದಲ್ಲಿ ಅಥವಾ ಶ್ವಾಸಕೋಶದಲ್ಲಿ. ಮೊದಲ ಎರಡು ವರ್ಷ ಹೆಚ್ಚು ಭಯ. ಕರೆಂಟು ಕೊಡುವಾಗ ಬಾಯಿ ಹುಣ್ಣಾಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ಆದರೂ ನಡುವೆ ಬಿಡಬೇಡಿ. ತುಟಿಗೆ ಸ್ಪರ್ಶ ಮರಳಿ ಬರುವುದಿಲ್ಲ. ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಫೆಬ್ರವರಿಯ ರಿಪೋರ್ಟು ನನ್ನದು. ಅದು ತಪ್ಪಾಗಿತ್ತು. ನೀವು ತುಟಿಯ ವಿಷಯ ಮುಚ್ಚಿಟ್ಟದ್ದರಿಂದ ಹಾಗಾಯಿತು ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಸ್ಲೈಡು ನನ್ನ ಕಣ್ಣ ಮುಂದೆಯೇ ಇತ್ತು. ನಿಮ್ಮ ಕೋಪದಲ್ಲಿ ನನಗೂ ಪಾಲು ಇಡಿ.

ಏನಾದರೂ ಕೇಳಬೇಕೆನಿಸಿದರೆ ನೇರವಾಗಿ ನನಗೇ ಬರೆಯಿರಿ, ಅಥವಾ ಫೋನ್ ಮಾಡಿ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ಕೈ ನಡುಗಿದರೆ ಮಗಳ ಕೈಯಲ್ಲಿ ಬರೆಸಿ. ಮರಗಟ್ಟಿದ್ದು ಎಲ್ಲಿಯಾದರೂ ಹೊಸದಾಗಿ ಕಂಡರೆ, ಕೆಮ್ಮು ಬಂದರೆ, ಯಾರಿಗೆ ಬೇಜಾರಾಗುತ್ತದೆ ಅಂತ ನೋಡಬೇಡಿ.

ಇದರ ನಕಲು ನಿಮ್ಮ ಸರ್ಜನ್‌ಗೆ ಹೋಗಿದೆ. ನನ್ನ ತಮ್ಮನಿಗೆ ಕಳಿಸಿಲ್ಲ. ಅವನು ನನಗೆ ಎರಡು ಕಾಗದ ಬರೆದು ಕೇಳಿದ್ದಾನೆ, ನಾನು ಉತ್ತರ ಕೊಟ್ಟಿಲ್ಲ. ಅವನಿಗೆ ಯಾವಾಗ ಹೇಳಬೇಕು, ಎಷ್ಟು ಹೇಳಬೇಕು, ಹೇಳಲೇಬೇಕೇ ಅನ್ನುವುದು ನಿಮಗೆ ಬಿಟ್ಟದ್ದು.

ಡಾಕ್ಟರ ಅಕ್ಕ